ಬಾಗಿಲು ಮುಚ್ಚಿದ ಮೇಲೆ

ಇಗರ್ಜಿಯ ಬಾಗಿಲು ಮುಚ್ಚಿದರೆ ಸಭೆಯೇ ಚೆದುರಿಹೋಯಿತು ಅಂತ ಗಾಬರಿಯಾಗುವವರಿದ್ದಾರೆ. ಬಾಗಿಲ ಹೊರಗೇ ಹುಟ್ಟಿ ಬೆಳೆದ ನಾವು ಕೇಳುವುದು ಬೇರೆ: ಬಾಗಿಲು ಮುಚ್ಚಿದಾಗ ಸಭೆಯನ್ನು ಉಳಿಸುವವರು ಯಾರು?

ಜಪಾನಿನ ನಾಗಾಸಾಕಿಯ ಪಕ್ಕದ ಉರಾಕಾಮಿ ನೋಡಿ. 1614ರಲ್ಲಿ ಆಳುವವರು ಇಡೀ ದೇಶದಲ್ಲಿ ಕ್ರೈಸ್ತಧರ್ಮವನ್ನು ನಿಷೇಧಿಸಿದರು. ಇಗರ್ಜಿ ಕೆಡವಿದರು, ಪಾದ್ರಿಗಳನ್ನು ಓಡಿಸಿದರು, ಸಿಕ್ಕವರನ್ನು ಕೊಂದರು. ಉಳಿದವರು ಹೊಲ ಉಳುವ ಬಡವರು. ಅವರು ಅಳುತ್ತಾ ಕೂರಲಿಲ್ಲ, ಕೆಲಸ ಹಂಚಿಕೊಂಡರು. ಒಬ್ಬ ಹಬ್ಬ-ಉಪವಾಸಗಳ ಲೆಕ್ಕ ಇಟ್ಟ. ಒಬ್ಬ ಕೂಸುಗಳಿಗೆ ಜ್ಞಾನಸ್ನಾನ ಕೊಟ್ಟ. ಇನ್ನೊಬ್ಬ ಮನೆಮನೆಗೆ ಸುದ್ದಿ ಮುಟ್ಟಿಸಿದ. ಹೀಗೆ ಇನ್ನೂರು ವರ್ಷಕ್ಕೂ ಮಿಗಿಲು ಕಾಲ ಪಾದ್ರಿಯಿಲ್ಲದೆ ದಾಟಿತು. 1865ರ ಮಾರ್ಚ್ 17ರಂದು, ನಾಗಾಸಾಕಿಯಲ್ಲಿ ವಿದೇಶಿಯರಿಗೆಂದು ಕಟ್ಟಿದ್ದ ಹೊಸ ಇಗರ್ಜಿಗೆ ಉರಾಕಾಮಿಯ ಕೆಲವರು ನಡೆದು ಬಂದರು. ನಮ್ಮ ಎದೆಯೂ ನಿಮ್ಮ ಎದೆಯೂ ಒಂದೇ ಅಂತ ಪಾದ್ರಿ ಪೆತಿಜಾನರಿಗೆ ಪಿಸುಗುಟ್ಟಿದವಳು ಒಬ್ಬ ಹೆಂಗಸು. ಸಭೆಯನ್ನು ಪಾದ್ರಿ ಉಳಿಸಿರಲಿಲ್ಲ. ಸಭೆಯೇ ಪಾದ್ರಿಯ ಬಳಿಗೆ ಬಂದಿತ್ತು.

2020ರ ಕೊರೋನಾ ಕಾಲದಲ್ಲಿ ಇಗರ್ಜಿಗಳು ಮುಚ್ಚಿದವು, ಬಲಿಪೂಜೆ ಫೋನಿನ ಪರದೆಗೆ ಬಂತು. ಬಂದದ್ದು ಒಳ್ಳೆಯದೇ. ಆದರೆ ನೋಡಿದ ಮಾತ್ರಕ್ಕೆ ನಂಟಾಯಿತೇನ್ರಿ? ಫೋನಿಲ್ಲದ ಮುದುಕಿಯ ಮನೆಯಲ್ಲಿ ಒಲೆ ಉರಿಯಿತೇ ಎಂದು ಹೋಗಿ ಕೇಳಿದವರೇ ಉರಾಕಾಮಿಯ ಆ ಸುದ್ದಿಗಾರನ ವಾರಸುದಾರರು.

ಇನ್ನೊಂದು ಮಾತು. ತಿರುಚಿರಾಪಳ್ಳಿಯ ಮೇಲಪುದೂರಿನ ಕ್ಯಾಥೊಲಿಕ್ ಸ್ಮಶಾನದಲ್ಲಿ ದಲಿತರ ಗೋರಿಗಳನ್ನು ಬೇರೆ ಮಾಡಿ ಗೋಡೆ ಎಬ್ಬಿಸಿದರಲ್ಲ, ಆಗ ಇಗರ್ಜಿಯ ಬಾಗಿಲು ತೆರೆದೇ ಇತ್ತು. ಬಾಗಿಲು ತೆರೆದಿದ್ದಾಗಲೇ ಸತ್ತವರನ್ನೂ ಕೂಡಿಸಿಕೊಳ್ಳದ ಸಭೆ, ಮುಚ್ಚಿದಾಗ ಯಾವ ನಂಟನ್ನು ಉಳಿಸೀತು?