ಮುರಿದ ಗೊಂಬೆಯನ್ನು ಎಲ್ಲಿಡಬೇಕು?

ಚನ್ನಪಟ್ಟಣದ ಗೊಂಬೆ ಅಂಗಡಿಗಳಲ್ಲಿ ಒಂದೇ ಹಲಗೆಯ ಮೇಲೆ ಗಿಲಕಿ, ಬುಗುರಿ, ದಾರ ಕಟ್ಟಿ ಎಳೆಯುವ ರೈಲು, ಕುಂಕುಮದ ಭರಣಿ, ರಾಜ-ರಾಣಿಯ ಜೋಡಿ ಮತ್ತು ಗಣಪತಿ ಒತ್ತಾಗಿ ಕೂತಿರುತ್ತವೆ. ಮರ ಒಂದೇ, ಅರಗು ಒಂದೇ, ಕಡೆದ ಕೈಯೂ ಹೆಚ್ಚುಕಡಿಮೆ ಒಂದೇ. ಅಂಗಡಿಯವರು ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ, ಒಂದೇ ಬಿಲ್ ಬರೆದು ಕೊಡುತ್ತಾರೆ. ಚೀಲ ಬೆಂಗಳೂರಿನ ನಂದಿನಿ ಲೇಔಟಿನ ಮನೆಯೊಂದಕ್ಕೆ ಬಂದು ಬಿಚ್ಚಿಕೊಂಡ ಮೇಲೆ ಮಾತ್ರ ಅದರೊಳಗಿನವರ ದಾರಿ ಬೇರೆಯಾಗುತ್ತದೆ. ರೈಲು ನೆಲಕ್ಕಿಳಿದು ಮಂಚದಡಿ ಸೇರುತ್ತದೆ. ಗಣಪತಿ ದೇವರ ಗೂಡಿನ ಮೆಟ್ಟಿಲೇರುತ್ತಾನೆ. ಆಟದ ಸಾಮಾನು ಎಲ್ಲಿ ಮುಗಿಯಿತು, ದೇವರು ಎಲ್ಲಿ ಶುರುವಾದ?

ಈ ಪ್ರಶ್ನೆಗೆ ಪುರೋಹಿತರಲ್ಲಿ, ದಾರ್ಶನಿಕರಲ್ಲಿ, ನ್ಯಾಯಾಧೀಶರಲ್ಲಿ ಬೇರೆಬೇರೆ ಉತ್ತರಗಳಿವೆ. ಆದರೆ ನಂದಿನಿ ಲೇಔಟಿನಿಂದ ಹೊರಟು ಚನ್ನಪಟ್ಟಣದವರೆಗಿನ ಅರವತ್ತು-ಎಪ್ಪತ್ತು ಕಿಲೋಮೀಟರ್ ದಾರಿಯಲ್ಲೇ ಅದಕ್ಕೆ ಬೇಕಾದ ಸಾಕ್ಷಿಗಳೆಲ್ಲ ಸಿಗುತ್ತವೆ.

ರಿಂಗ್ ರೋಡ್ ಹಿಡಿದು ಸುಮನಹಳ್ಳಿ, ನಾಗರಬಾವಿ ದಾಟಿ ನಾಯಂಡಹಳ್ಳಿಯಲ್ಲಿ ಮೈಸೂರು ರಸ್ತೆಗೆ ಇಳಿದರೆ ಮೊದಲೆಲ್ಲ ಗೊಂಬೆ ಅಂಗಡಿ ತಪ್ಪಿಸಿಕೊಳ್ಳುವುದೇ ಕಷ್ಟವಿತ್ತು. ಬಿಡದಿಯಲ್ಲಿ ತಟ್ಟೆ ಇಡ್ಲಿ, ಮದ್ದೂರಿನಲ್ಲಿ ವಡೆ, ನಡುವೆ ಚನ್ನಪಟ್ಟಣದಲ್ಲಿ ಮಗು ಹಟ ಹಿಡಿಯುವುದು. ಇದು ಆ ರಸ್ತೆಯ ಕ್ರಮವಾಗಿತ್ತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಈ ಊರುಗಳನ್ನೆಲ್ಲ ಬದಿಗಿಟ್ಟು ಬೈಪಾಸಿನಲ್ಲಿ ಹಾರಿಸಿಕೊಂಡು ಹೋಗುತ್ತದೆ. ಹಳೆ ರಸ್ತೆಯ ಅಂಗಡಿಗಳ ವ್ಯಾಪಾರಕ್ಕೆ ಬಿದ್ದ ಪೆಟ್ಟು ಸಣ್ಣದಲ್ಲ. ಈಗ ಗೊಂಬೆ ಬೇಕೆಂದರೆ ಬೇಕೆಂದೇ ಕೆಳಗಿಳಿಯಬೇಕು. ದಾರಿಯಲ್ಲಿ ಸಿಗುತ್ತಿದ್ದದ್ದು ಹರಕೆ ಹೊತ್ತವರಂತೆ ಹುಡುಕಿ ಹೋಗಬೇಕಾದ ಜಾಗವಾಗಿದೆ.

ಗೊಂಬೆಯ ಹುಟ್ಟನ್ನು ನೋಡಿದರೆ ಅಲ್ಲೇನಾದರೂ ವ್ಯತ್ಯಾಸ ಸಿಕ್ಕೀತೇ ಎಂದು ಕೇಳಬಹುದು. ಹಾಲೆ ಮರ, ಜನರ ಬಾಯಲ್ಲಿ ಆಲೆ ಮರ, ಕಡಿದಾಗ ಹಾಲು ಸುರಿಸುವ, ಒಣಗಿದ ಮೇಲೆ ದಂತದಂತೆ ನುಣುಪಾಗುವ ಬಿಳಿ ಮರ. ತಿಂಗಳುಗಟ್ಟಲೆ ಒಣಗಿಸಿ, ತುಂಡು ಮಾಡಿ, ಲೇತಿಗೆ ಸಿಕ್ಕಿಸಿ ಉಳಿ ಹಿಡಿದು ಕಡೆಯುತ್ತಾರೆ. ಬಣ್ಣ ಬಳಿಯುವುದಕ್ಕೆ ಇಲ್ಲಿ ಕುಂಚವಿಲ್ಲ. ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ ಹಿಡಿದರೆ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಸಾಂಪ್ರದಾಯಿಕ ಹಳದಿಗೆ ಅರಿಶಿನ, ನೀಲಿಗೆ ನೀಲಿ ಗಿಡ. ಕೊನೆಗೆ ಹೊಳಪು ಬರಿಸುವುದು ಕೇದಗೆ ಜಾತಿಯ ಗರಿಯಿಂದ. ಸುಳ್ಳು ಸಾಕ್ಷಿ ಹೇಳಿತೆಂದು ಶಿವ ಶಪಿಸಿ, ತನ್ನ ಪೂಜೆಯಿಂದ ಹೊರಗಿಟ್ಟ ಹೂವು ಕೇದಗೆ. ಅದರ ಗರಿಯೇ ಗಿಲಕಿಗೂ ಗಣಪನಿಗೂ ಮಿಂಚು ಕೊಡುತ್ತದೆ. ಪುರಾಣ ಗೊತ್ತಿರುವ ಯಾರೂ ಈ ಕಾರಣಕ್ಕೆ ಅಂಥ ಗಣಪನನ್ನು ಬೇಡವೆಂದ ಹಾಗಿಲ್ಲ. ಹುಟ್ಟಿನಲ್ಲಿ ದೇವರನ್ನು ಹುಡುಕಿದರೆ ಏನೂ ಸಿಗುವುದಿಲ್ಲ.

ಮಾಡಿದವರ ಕೈಯಲ್ಲಿ ಹುಡುಕಿದರೆ? 2005–06ರಲ್ಲಿ ಭೌಗೋಳಿಕ ಸೂಚ್ಯಂಕ ಪಡೆದ ಈ ಕಸುಬಿನಲ್ಲಿ ಮುಸ್ಲಿಂ ಕುಟುಂಬಗಳದ್ದು ದೊಡ್ಡ ಪಾಲು. ಟಿಪ್ಪು ಸುಲ್ತಾನ ಪರ್ಷಿಯಾದಿಂದ ಕುಶಲಿಗಳನ್ನು ಕರೆಸಿದ ಎಂಬುದು ಊರಿನ ಕಥೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜಪಾನಿನ ಅರಗಿನ ತಂತ್ರವನ್ನು ಇಲ್ಲಿನ ಲೇತಿಗೆ ತಂದ ಬಾವಾಸ್ ಮಿಯಾನ್ ಅವರನ್ನು ಚನ್ನಪಟ್ಟಣ ಗೊಂಬೆಗಳ ಪಿತಾಮಹ ಎಂದೇ ಕರೆಯುತ್ತಾರೆ. ಮೂರ್ತಿಯನ್ನು ಒಪ್ಪದ ಧರ್ಮದವರು ಗೊಂಬೆ ಮಾಡುವುದು ಹೇಗೆ ಎಂದು ಹುಬ್ಬೇರಿಸುವವರಿಗೆ ಹದೀಸ್ ಸಂಗ್ರಹಗಳಲ್ಲೇ ಉತ್ತರವಿದೆ. ಪ್ರವಾದಿ ಮುಹಮ್ಮದರ ಮನೆಯಲ್ಲಿ ಅವರ ಪತ್ನಿ ಆಯಿಷಾ ಗೊಂಬೆಗಳೊಂದಿಗೆ ಆಡುತ್ತಿದ್ದರು. ಅವುಗಳಲ್ಲೊಂದು ರೆಕ್ಕೆಯಿರುವ ಕುದುರೆ. ಕುದುರೆಗೆ ರೆಕ್ಕೆಯೇ ಎಂದು ಪ್ರವಾದಿ ಕೇಳಿದಾಗ, ಸುಲೈಮಾನರ ಕುದುರೆಗಳಿಗೆ ಇರಲಿಲ್ಲವೇ ಎಂದು ಆಕೆ ಮರುಪ್ರಶ್ನೆ ಹಾಕಿದರು, ಪ್ರವಾದಿ ನಕ್ಕರು. ಇನ್ನೊಂದು ಪ್ರಸಂಗದಲ್ಲಿ, ಚಿತ್ರಗಳಿದ್ದ ಪರದೆ ಅವರಿಗೆ ಹಿಡಿಸಲಿಲ್ಲ. ಆಯಿಷಾ ಅದನ್ನೇ ಹರಿದು ದಿಂಬು ಮಾಡಿದಾಗ ಆಕ್ಷೇಪ ಉಳಿಯಲಿಲ್ಲ. ಬಟ್ಟೆ ಅದೇ, ಚಿತ್ರ ಅದೇ. ತೂಗುಹಾಕಿ ನೋಡುವ ವಸ್ತು ಒರಗಿ ಕೂರುವ ವಸ್ತುವಾಯಿತು, ಅಷ್ಟೆ. ಬಹುಪಾಲು ಧರ್ಮಶಾಸ್ತ್ರಜ್ಞರು ಮಕ್ಕಳ ಗೊಂಬೆಗೆ ವಿನಾಯಿತಿ ಕೊಟ್ಟರು. ಎಳೆದಾಡಿಸಿಕೊಳ್ಳುವ, ಧೂಳಲ್ಲಿ ಬೀಳುವ, ಯಾರಿಂದಲೂ ಗೌರವ ಕೇಳದ ಆಕಾರಕ್ಕೆ ಅವರು ಹೆದರಲಿಲ್ಲ.

ಇಲ್ಲೊಂದು ಸುಳಿವಿದೆ. ವಸ್ತು ಏನು ಎಂಬುದಕ್ಕಿಂತ ಅದನ್ನು ನಾವು ಹೇಗೆ ನಡೆಸಿಕೊಳ್ಳುತ್ತೇವೆ, ಅದರಲ್ಲೂ ಹೇಗೆ ಕೈಬಿಡುತ್ತೇವೆ ಎಂಬುದನ್ನು ಗಮನಿಸಬೇಕು.

ಚನ್ನಪಟ್ಟಣ ಬಿಟ್ಟು ಮೈಸೂರಿನ ಕಡೆಗೆ ಮೂರು ಕಿಲೋಮೀಟರ್ ಹೋದರೆ ದೊಡ್ಡಮಳೂರು. ಅಲ್ಲಿನ ಅಪ್ರಮೇಯಸ್ವಾಮಿ ದೇವಸ್ಥಾನದಲ್ಲಿ ಅಂಬೆಗಾಲಿಕ್ಕುವ ನವನೀತಕೃಷ್ಣ ಇದ್ದಾನೆ, ಕೈಯಲ್ಲಿ ಬೆಣ್ಣೆ ಹಿಡಿದು ತಲೆಯೆತ್ತಿ ನೋಡುವ ಕೂಸು. ಮಕ್ಕಳಾಗದವರು ಹರಕೆ ಹೊತ್ತು ಇಲ್ಲಿಗೆ ಪುಟ್ಟ ತೊಟ್ಟಿಲುಗಳನ್ನು ಒಪ್ಪಿಸುತ್ತಾರೆ. ಗೊಂಬೆ ಅಂಗಡಿಯ ಹಲಗೆಯ ಮೇಲೆ ಆಟಿಕೆಯಾಗಬಹುದಾದ ಮರದ ತೊಟ್ಟಿಲು ಮೂರು ಕಿಲೋಮೀಟರ್ ದಾಟಿದರೆ ಬೇಡಿಕೆಯಾಗುತ್ತದೆ. ಪುರಂದರದಾಸರು ‘ಜಗದೋದ್ಧಾರನ’ ಕೀರ್ತನೆಯನ್ನು ಈ ಕೂಸನ್ನು ಕಂಡೇ ರಚಿಸಿದರೆಂಬುದು ಇಲ್ಲಿನ ನಂಬಿಕೆ. ಆ ಹಾಡಿನ ಧೈರ್ಯವನ್ನು ನಾವು ಕೇಳಿ ಕೇಳಿ ಮರೆತಿದ್ದೇವೆ: ಲೋಕವನ್ನು ನಡೆಸುವವನನ್ನು ಒಬ್ಬ ತಾಯಿ ಆಡಿಸುತ್ತಿದ್ದಾಳೆ, ಅದೂ ಅವನು ಯಾರೆಂದು ತಿಳಿದೂ ತಿಳಿಯದ ಹಾಗೆ. ದೇವರೇ ಆಟದ ವಸ್ತು.

ವೇದಾಂತಿಗಳು ಇದನ್ನು ತಿರುಗಿಸಿ ಹೇಳಿದರು. ಸೃಷ್ಟಿಗೆ ಕಾರಣವೇನು ಎಂಬ ಪ್ರಶ್ನೆಗೆ ಬ್ರಹ್ಮಸೂತ್ರದ ಉತ್ತರ, ಲೀಲೆ. ಬೇಕಾದ್ದೆಲ್ಲ ಇರುವ ಅರಸ ಸುಮ್ಮನೆ ಆಡುವಂತೆ ಎಂದು ಶಂಕರರು ವಿವರಿಸುತ್ತಾರೆ. ಅಲ್ಲಿ ಗೊಂಬೆ ನಾವು. ಗ್ರೀಸಿನ ಪ್ಲೇಟೋ ಕೂಡ ಮನುಷ್ಯ ದೇವರ ಆಟಿಕೆ, ಅವನಲ್ಲಿರುವ ಒಳ್ಳೆಯ ಅಂಶವೇ ಅದು ಎಂದು ಬರೆದಿದ್ದ. ಆಟಿಕೆ ಎನಿಸಿಕೊಳ್ಳುವುದರಲ್ಲಿ ಹೆಮ್ಮೆ ಪಡಲು ಏನಿದೆಯೋ ಅವನಿಗೇ ಗೊತ್ತು. ಮಧ್ವಾಚಾರ್ಯರದ್ದು ಇನ್ನೂ ಹತ್ತಿರದ, ಕೈಗೆ ಸಿಗುವ ವಾದ. ಪ್ರತಿಮೆಯೇ ದೇವರೆಂದುಕೊಳ್ಳಬೇಡಿ, ಪ್ರತಿಮೆಯಲ್ಲಿ ಇರುವವನನ್ನು ಪೂಜಿಸಿ ಎಂದರು ಅವರು. ಗೋಪೀಚಂದನದ ಗಡ್ಡೆಯಲ್ಲಿ ಬಂದ, ಕಡಗೋಲು ಹಿಡಿದ ಬಾಲಕೃಷ್ಣನನ್ನು ಉಡುಪಿಯಲ್ಲಿ ನಿಲ್ಲಿಸಿದವರೇ ಹೀಗೆ ಹೇಳಿದರೆಂಬುದು ಗಮನಿಸಬೇಕಾದ್ದು. ಮರಕ್ಕೂ ಕಲ್ಲಿಗೂ ಮರ್ಯಾದೆ ಸಲ್ಲಬೇಕು, ಅದು ಒಳಗಿರುವ ಅತಿಥಿಯ ದೆಸೆಯಿಂದ.

ಹಾಗಾದರೆ ಅತಿಥಿ ಹೊರಟ ಮೇಲೆ ಮನೆಯ ಗತಿ? ಈ ಪ್ರಶ್ನೆಯನ್ನು ಕನ್ನಡದಲ್ಲಿ ಎಲ್ಲರಿಗಿಂತ ಖಾರವಾಗಿ ಎತ್ತಿದವರು ಬಸವಣ್ಣ. ಅರಗಿನಿಂದಾದ ದೈವದ ಬಗ್ಗೆ ಅವರದೊಂದು ಪ್ರಸಿದ್ಧ ವಚನವೇ ಇದೆ. ಶಾಖಕ್ಕೆ ರೂಪ ಕಳೆದುಕೊಳ್ಳುವುದನ್ನು, ಕಷ್ಟಕ್ಕೆ ಮಾರಾಟವಾಗುವುದನ್ನು, ಭಯಕ್ಕೆ ಮಣ್ಣು ಸೇರುವುದನ್ನು ಹೇಗೆ ದೇವರೆನ್ನಲಿ ಎಂಬುದು ಅದರ ಪ್ರಶ್ನೆ. ಬಸವಣ್ಣ ವಿಗ್ರಹದ ಹುಟ್ಟನ್ನು ಪ್ರಶ್ನಿಸಲಿಲ್ಲ, ಅದರ ಕೊನೆಯನ್ನು ಪ್ರಶ್ನಿಸಿದರು. ಆಪತ್ತು ಬಂದಾಗ ನೀನು ಇದನ್ನು ಏನು ಮಾಡುತ್ತೀಯ ಹೇಳು, ಇದು ಏನೆಂದು ನಾನು ಹೇಳುತ್ತೇನೆ ಎಂಬ ಧಾಟಿ. ಅವರ ಹಾದಿಯವರು ಅಂಗೈಯಲ್ಲಿಟ್ಟು ಪೂಜಿಸುವ ಇಷ್ಟಲಿಂಗವೂ ಕೈಯಿಂದ ಮಾಡಿದ ವಸ್ತುವೇ. ಆದರೆ ಅದನ್ನು ಬದುಕಿರುವಾಗ ಮೈಯಿಂದ ಅಗಲಿಸುವ ಹಾಗಿಲ್ಲ, ಸತ್ತಾಗ ದೇಹದ ಜೊತೆಗೇ ಸಮಾಧಿ. ಬಿಟ್ಟುಹೋಗುವ ಪ್ರಶ್ನೆಯೇ ಏಳದಂತೆ ಮಾಡಿದ ಏರ್ಪಾಡು ಅದು.

ವಿಚಿತ್ರವೆಂದರೆ ಬ್ರಿಟಿಷರ ಕಾಲದ ನ್ಯಾಯಾಲಯವೂ ಇದೇ ಕಟ್ಟೆಗೆ ಬಂದು ನಿಂತಿತು. ಕಲ್ಕತ್ತೆಯ ಮಲ್ಲಿಕ್ ಕುಟುಂಬದಲ್ಲಿ ಮನೆದೇವರನ್ನು ಯಾರು ತಮ್ಮ ಮನೆಗೆ ಒಯ್ದು ಪೂಜಿಸಬಹುದೆಂಬ ಜಗಳ ಎದ್ದು, 1925ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ವಿಗ್ರಹ ಪೀಠೋಪಕರಣದಂತೆ ಹೊತ್ತೊಯ್ಯುವ ಸಾಮಾನಲ್ಲ, ಕಾನೂನಿನ ಕಣ್ಣಲ್ಲಿ ಅದೊಬ್ಬ ವ್ಯಕ್ತಿ, ಅದರ ಇಚ್ಛೆಯನ್ನೂ ಕೇಳಬೇಕು ಎಂದು ತೀರ್ಪಾಯಿತು. ವಿಗ್ರಹದ ಪರವಾಗಿ ಮಾತಾಡಲು ಒಬ್ಬ ಪ್ರತಿನಿಧಿ ಬೇಕೆಂದೂ ಹೇಳಿದರು. ಇತ್ತ ಆಟಿಕೆಯ ಕಾನೂನು ನೋಡಿ. 2021ರಿಂದ ಜಾರಿಯಾದ ಆಟಿಕೆಗಳ ಗುಣಮಟ್ಟ ಆದೇಶದ ಪ್ರಕಾರ, 14 ವರ್ಷದೊಳಗಿನ ಮಕ್ಕಳು ಆಡಲೆಂದು ಮಾಡಿದ್ದೆಲ್ಲ ಆಟಿಕೆ. ಭೌಗೋಳಿಕ ಸೂಚ್ಯಂಕದ ಕುಶಲಕರ್ಮಿಗಳಿಗೆ ಅದರಿಂದ ವಿನಾಯಿತಿ ಸಿಕ್ಕಿತು, ಚನ್ನಪಟ್ಟಣ ಉಸಿರುಬಿಟ್ಟಿತು. ಎರಡೂ ಕಡೆ ಕಾನೂನು ಮರ ಯಾವುದೆಂದು ಕೇಳಲಿಲ್ಲ, ಯಾರಿಗಾಗಿ, ಯಾವುದಕ್ಕಾಗಿ ಎಂದು ಕೇಳಿತು.

ಆದರೆ ಕಾನೂನಿಗಿಂತ ಸ್ಪಷ್ಟ ಉತ್ತರ ಬೆಂಗಳೂರಿನ ಅರಳಿಕಟ್ಟೆಗಳಲ್ಲಿದೆ. ನಾಗರಕಲ್ಲುಗಳ ಬುಡದಲ್ಲಿ ಗಾಜು ಒಡೆದ ವೆಂಕಟೇಶ್ವರನ ಪಟ, ಸೊಂಡಿಲು ಮುರಿದ ಗಣಪತಿ, ಬಣ್ಣ ಹೋದ ಲಕ್ಷ್ಮಿ. ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಕಸದ ಗಾಡಿಗೆ ಹಾಕುವಂತಿಲ್ಲ. ಅದೇ ಬೀದಿಯಲ್ಲಿ ಬೆಳಗ್ಗೆ ಬರುವ ಆಟೋ ಟಿಪ್ಪರಿಗೆ ಚಕ್ರ ಕಳಚಿದ ರೈಲನ್ನು ಎಸೆಯುವಾಗ ಯಾರ ಕೈಯೂ ನಡುಗುವುದಿಲ್ಲ. ಹೊಸದಾಗಿದ್ದಾಗ ಒಂದೇ ಚೀಲದಲ್ಲಿ ಬಂದವು ಮುರಿದಾಗ ಬೇರೆಬೇರೆ ಕಡೆ ಹೋಗುತ್ತವೆ. ಯಾವುದಕ್ಕೆ ಬೀಳ್ಕೊಡುಗೆ ಬೇಕೋ ಅದು ದೇವರಾಗಿತ್ತು ಎಂದು ಹೇಳಬಹುದು.

ಅದಕ್ಕೇ ಸಂಪ್ರದಾಯ ಬರಮಾಡಿಕೊಳ್ಳುವ ವಿಧಿಯಷ್ಟೇ ಜಾಗ್ರತೆಯಿಂದ ಕಳಿಸಿಕೊಡುವ ವಿಧಿಯನ್ನೂ ಕಟ್ಟಿತು. ಮಣ್ಣಿನ ಗಣಪನಿಗೆ ಪ್ರಾಣಪ್ರತಿಷ್ಠೆ ಎಷ್ಟು ಮುಖ್ಯವೋ ವಿಸರ್ಜನೆಯೂ ಅಷ್ಟೇ. ಕಳಶವನ್ನು ಎತ್ತುವ ಮೊದಲು ಒಂದಿಷ್ಟು ಕದಲಿಸಬೇಕು. ಉತ್ತರ ಕರ್ನಾಟಕದ ಮಣ್ಣೆತ್ತಿನ ಅಮಾವಾಸ್ಯೆಯಲ್ಲಿ ಮಕ್ಕಳೇ ಕೂತು ತಿದ್ದಿದ ಎತ್ತುಗಳು ಸಂಜೆಗೆ ಪೂಜೆ ಪಡೆಯುತ್ತವೆ. ಆಟಕ್ಕೂ ಆರಾಧನೆಗೂ ನಡುವೆ ಒಂದು ಆರತಿ ಮಾತ್ರ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಗ್ರಾಮದೇವತೆಯ ಮೂರ್ತಿಯನ್ನೂ ಮಕ್ಕಳ ಗೊಂಬೆಯನ್ನೂ ಅದೇ ಅಂಗಳದಲ್ಲಿ ಮಾಡುತ್ತ ಬಂದವರು.

ಈ ಅಳತೆಗೋಲು ಎಲ್ಲ ಕಡೆ ನಿಲ್ಲುವುದೂ ಇಲ್ಲ. ಬಾವಾಸ್ ಮಿಯಾನ್ ಅವರ ಅರಗಿನ ವಿದ್ಯೆಗೆ ಕೊಡುಗೆಯಿತ್ತ ಜಪಾನಿನಲ್ಲಿ ಆಡಿ ಹಳತಾದ ಗೊಂಬೆಗೂ ಬೀಳ್ಕೊಡುಗೆಯಿದೆ. ನಿಂಗ್ಯೋ ಕುಯೋ ಎಂಬ ಆ ವಿಧಿಗೆ ಕ್ಯೋಟೋದ ಹೋಕ್ಯೋಜಿ ದೇವಾಲಯ ಹೆಸರುವಾಸಿ; ಪ್ರತಿ ಅಕ್ಟೋಬರಿನಲ್ಲಿ ಅಲ್ಲಿ ಗೊಂಬೆಗಳಿಗಾಗಿ ಪ್ರಾರ್ಥನೆ ನಡೆಯುತ್ತದೆ. ಆ ಗೊಂಬೆಗಳನ್ನು ಯಾರೂ ದೇವರೆಂದು ಪೂಜಿಸಿದ್ದಿಲ್ಲ. ಜೊತೆಗಿದ್ದವು, ಮುದ್ದಿಸಿಕೊಂಡವು, ಅಷ್ಟಕ್ಕೇ ಋಣವಿದೆ ಎಂಬ ಭಾವನೆ. ನಂದಿನಿ ಲೇಔಟಿನ ಪಕ್ಕದಲ್ಲೇ ಇರುವ ಕಂಠೀರವ ಸ್ಟುಡಿಯೋದಲ್ಲಿ ನಟ ರಾಜ್‌ಕುಮಾರ್ ಸಮಾಧಿಗೆ ಹೂ ಹಾಕಿ ಕೈಮುಗಿಯುವವರಿಗೆ ಈ ಭಾವನೆ ಅಪರಿಚಿತವಲ್ಲ. 1971ರ ‘ಕಸ್ತೂರಿ ನಿವಾಸ’ ಚಿತ್ರದಲ್ಲಿ ರಾಜ್‌ಕುಮಾರ್ ಬೀಳಿಸಿದರೂ ಎದ್ದು ಕೂರುವ ಗೊಂಬೆಯೊಂದನ್ನು ಮುಂದಿಟ್ಟುಕೊಂಡು ಹಾಡಿದ್ದನ್ನು ಕಂಡವರು ಅಂಥ ಗೊಂಬೆಯನ್ನು ಬರೀ ಆಟಿಕೆಯಾಗಿ ನೋಡುವುದು ಕಷ್ಟ.

ಹೀಗೆ ನಡುಗೆರೆಯ ಮೇಲೆಯೇ ಕೂತಿರುವುದು ದಸರೆಯ ಪಟ್ಟದ ಗೊಂಬೆ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ದಸರೆ ಆರಂಭಿಸಿದ ನಾಡಿನಲ್ಲಿ, ಅರಮನೆಗೇ ಗೊಂಬೆತೊಟ್ಟಿ ಇರುವ ನಾಡಿನಲ್ಲಿ, ಈ ರಾಜ-ರಾಣಿ ಜೋಡಿ ಮದುವೆಯಾದ ಮಗಳ ಜೊತೆ ತವರಿನಿಂದ ಹೊರಟು ಬರುತ್ತದೆ. ಮೂರು, ಐದು, ಏಳು ಹೀಗೆ ಬೆಸ ಸಂಖ್ಯೆಯ ಮೆಟ್ಟಿಲ ತುದಿಯಲ್ಲಿ ಹೊಸ ಬಟ್ಟೆ ಉಟ್ಟು ಅವು ಕೂರುತ್ತವೆ. ಕೆಳಗಿನ ಮೆಟ್ಟಿಲಲ್ಲಿ ಧಾನ್ಯ ಹರಡಿಕೊಂಡ ಶೆಟ್ಟಿ-ಶೆಟ್ಟಮ್ಮ, ಪಾರ್ಕು, ಚನ್ನಪಟ್ಟಣದ ರೈಲು. ಸಂಜೆ ಆರತಿ, ಕರೆದ ಮಕ್ಕಳಿಗೆ ಬೊಂಬೆ ಬಾಗಿನ. ವಿಜಯದಶಮಿಯ ರಾತ್ರಿ ಪಟ್ಟದ ಗೊಂಬೆಯನ್ನು ಮಲಗಿಸಿ, ಆಮೇಲೆ ಉಳಿದವನ್ನು ತೆಗೆಯುತ್ತಾರೆ. ಆರತಿಯಿದೆ, ನೈವೇದ್ಯವಿದೆ, ಪ್ರಾಣಪ್ರತಿಷ್ಠೆ ಸಾಮಾನ್ಯವಾಗಿ ಇಲ್ಲ. ಹಾಗಾಗಿ ವಿಸರ್ಜನೆಯೂ ಇಲ್ಲ.

ಗೊಂಬೆ ಕೂರಿಸುವುದನ್ನು ನಿಲ್ಲಿಸಿದ ಮನೆಗಳು ಈಗ ಸಾಕಷ್ಟಿವೆ. ಫ್ಲ್ಯಾಟಿನಲ್ಲಿ ಒಂಬತ್ತು ಮೆಟ್ಟಿಲಿಗೆ ಜಾಗವಿಲ್ಲ, ಮಕ್ಕಳು ಹೊರದೇಶದಲ್ಲಿ. ಟ್ರಂಕಿನಲ್ಲಿ ಹಳೇ ಸೀರೆ ಸುತ್ತಿಕೊಂಡಿರುವ ಆ ಜೋಡಿಯನ್ನು ಮಾರುವುದೇ, ಯಾರಿಗಾದರೂ ಕೊಡುವುದೇ, ಅರಳಿಕಟ್ಟೆಗೆ ಒಯ್ಯುವುದೇ ಎಂಬ ಚರ್ಚೆ ಅಕ್ಕತಂಗಿಯರ ನಡುವೆ ನಡೆಯುತ್ತದೆ. ಮಾರಿದರೆ ಬಸವಣ್ಣನ ಪ್ರಶ್ನೆಗೆ ಸಿಕ್ಕಿಕೊಳ್ಳಬೇಕು, ಕಟ್ಟೆಗೆ ಒಯ್ದರೆ ಅದು ಮುರಿದಿಲ್ಲ. ಸದ್ಯಕ್ಕೆ ಹೆಚ್ಚಿನವರು ಮಾಡುವುದು, ಊರಲ್ಲಿ ಇನ್ನೂ ಗೊಂಬೆ ಕೂರಿಸುವ ಮನೆ ಯಾವುದೆಂದು ವಿಚಾರಿಸಿ, ಅವರ ಜೋಡಿಯ ಪಕ್ಕದಲ್ಲಿ ತಮ್ಮದನ್ನೂ ಇಡಿಸುವುದು. ಕೆಲವು ಮೆಟ್ಟಿಲುಗಳ ತುದಿಯಲ್ಲಿ ಈಗ ಎರಡು-ಮೂರು ಜೊತೆ ರಾಜ-ರಾಣಿಯರು ಒಟ್ಟಿಗೆ ಕೂರುತ್ತಾರೆ. ಯಾರ ರಾಜ್ಯ ಯಾವುದೆಂದು ಮಕ್ಕಳು ಕೇಳಿದರೆ ಹೇಳುವುದು ಮನೆಯೊಡತಿಗೆ ಸ್ವಲ್ಪ ಕಷ್ಟ.