ಇಂದಿನ ಧಮ್ಮ ಚಿಂತನೆ: ನಡತೆ ಸರಿ, ಮನಸ್ಸು?



ಧಮ್ಮ ಬಂಧುಗಳೇ, ಇವತ್ತು ನನ್ನದೇ ತಪ್ಪೊಂದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಳೆದ ತಿಂಗಳು ಬ್ಯಾಡಗಿ ಕಡೆಯ ಒಂದು ಕುಟುಂಬ ನನ್ನ ಮಗಳನ್ನು ಕೇಳಿಕೊಂಡು ರಾಣೆಬೆನ್ನೂರಿನ ನಮ್ಮ ಮನೆಗೆ ಬಂದಿತ್ತು. ಅವರದೂ ಬಾಬಾಸಾಹೇಬರನ್ನು ನಂಬಿದ ಮನೆ. ಹುಡುಗ ಓದಿದವನು, ನೌಕರಿಯಲ್ಲಿದ್ದಾನೆ. ಕುರ್ಚಿ ಹಾಕಿ ಕೂರಿಸಿದೆ, ನಾವು ಕುಡಿಯುವ ಲೋಟದಲ್ಲೇ ಚಹಾ ಕೊಟ್ಟೆ, ಬಸ್ ಸ್ಟ್ಯಾಂಡಿಗೆ ಹೋಗಿ ಬಸ್ ಹತ್ತಿಸಿ ಬಂದೆ. ನಾಲ್ಕು ದಿನ ಬಿಟ್ಟು ಫೋನ್ ಮಾಡಿ, "ಮಗಳು ಇನ್ನೂ ಓದಬೇಕು ಅಂತಾಳ್ರಿ" ಎಂದೆ. ಒಳಗಿನ ಕಾರಣ ಬೇರೆ ಇತ್ತು. ನಾವು ಬಲಗೈ, ಅವರು ಎಡಗೈ.

ಪಕ್ಕದಲ್ಲಿದ್ದ ಮಗಳು ಕೇಳಿದಳು: "ಅಪ್ಪಾ, ನಾ ಯಾವಾಗ ಹಂಗ ಅಂದೆ?"

ನನ್ನ ಬಳಿ ಉತ್ತರ ಇರಲಿಲ್ಲ. ಆ ಭಾನುವಾರ ಪಂಚಶೀಲ ಹೇಳಿಸಿದವನೂ ನಾನೇ. ನಾಲ್ಕನೆಯ ಶೀಲ, ಸುಳ್ಳಾಡುವುದಿಲ್ಲ ಎಂಬುದು ಬಂದಾಗ ಪಾಳಿ ಉಚ್ಚಾರವೇನೋ ಸರಿಯಾಗಿತ್ತು, ಗಂಟಲು ಕಟ್ಟಿತು.

ಮಜ್ಝಿಮ ನಿಕಾಯದ ಉಪಾಲಿ ಸುತ್ತದಲ್ಲಿ ಇದೇ ಪ್ರಶ್ನೆ ಬರುತ್ತದೆ. ದೇಹದ ಕೆಲಸ, ಮಾತಿನ ಕೆಲಸ, ಮನಸ್ಸಿನ ಕೆಲಸ, ಈ ಮೂರರಲ್ಲಿ ಯಾವುದರ ಭಾರ ಹೆಚ್ಚು? ದೇಹದ್ದೇ ಹೆಚ್ಚು ಎಂದು ವಾದಿಸಲು ಉಪಾಲಿ ಎಂಬ ಸಿರಿವಂತ ಗೃಹಸ್ಥ ನಾಲಂದಾದಲ್ಲಿ ಭಗವಾನರ ಬಳಿ ಬಂದ. ಭಗವಾನರು ಮನಸ್ಸಿನದೇ ಹೆಚ್ಚು ಎಂದು ತೋರಿಸಿಕೊಟ್ಟರು. ಅವನು ಕೂಡಲೇ ಶರಣು ಬರುತ್ತೇನೆ ಎಂದಾಗ, ಚೆನ್ನಾಗಿ ಯೋಚಿಸಿ ನಿರ್ಧರಿಸು ಎಂದರು. ಮೈ ಬಾಗಿದರೆ ಸಾಲದು, ಮನಸ್ಸು ಒಪ್ಪಬೇಕು.

ಇದು ಬೌದ್ಧರ ಮಾತಷ್ಟೇ ಅಲ್ಲ. ಹೊರಗಷ್ಟೇ ತೊಳೆದು ಒಳಗೆ ಕೊಳೆ ಉಳಿಸಿಕೊಂಡ ಬಟ್ಟಲನ್ನು ತೋರಿಸಿ ಯೇಸು ತನ್ನ ಕಾಲದ ಧರ್ಮಪಂಡಿತರನ್ನು ಎಚ್ಚರಿಸಿದ. ನಮ್ಮ ತಾಲ್ಲೂಕಿನ ಚೌಡಯ್ಯದಾನಪುರದ ಅಂಬಿಗರ ಚೌಡಯ್ಯ ಹೊರಗಿನ ಆಚಾರದ ಸೋಗನ್ನು ನಿಷ್ಠುರವಾಗಿ ಬಯಲಿಗೆಳೆದ.

ಹಾಗೆಂದು ಹೊರಗಿನ ನಡತೆ ಬೇಡವೆನ್ನಲಾಗದು. ನಮ್ಮ ಹಿರಿಯರಿಗೆ ಹೋಟೆಲಿನ ಹೊರಗೆ ಬೇರೆ ಲೋಟ ಇಡುತ್ತಿದ್ದರು. ಇಟ್ಟವರ ಮನಸ್ಸು ಬದಲಾಗಲಿ ಎಂದು ಕಾದು ಕೂತಿದ್ದರೆ ಇಂದಿಗೂ ಅದೇ ಲೋಟ ಇರುತ್ತಿತ್ತು. ಅದಕ್ಕೇ ಸಂವಿಧಾನದ 17ನೇ ವಿಧಿ ಬೇಕಾಯಿತು. ಕಾನೂನು ಕೈಯನ್ನು ತಡೆಯುತ್ತದೆ. ಎದೆಯೊಳಗೆ ನಾವೇ ಇಳಿಯಬೇಕು.

ಜಾತಿ ಇಟ್ಟಿಗೆಯ ಗೋಡೆಯಂತೆ ಕೆಡವಬಹುದಾದ ವಸ್ತುವಲ್ಲ, ಅದೊಂದು ಮನಃಸ್ಥಿತಿ ಎಂದು ಬಾಬಾಸಾಹೇಬರು 1936ರಲ್ಲೇ 'ಜಾತಿ ವಿನಾಶ'ದಲ್ಲಿ ವಿವರಿಸಿದ್ದರು. ಅದನ್ನು ಎಷ್ಟೋ ಸಭೆಗಳಲ್ಲಿ ಬೇರೆಯವರ ಕಡೆ ಕೈ ತೋರಿಸಿ ಹೇಳಿದ್ದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಅವರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಮನುಷ್ಯರೆಲ್ಲ ಸಮಾನರೆಂಬ ನಂಬಿಕೆಯೂ ಒಂದು. ಅದರಲ್ಲಿ ಎಡಗೈ ಬಲಗೈ ಎಂಬ ವಿನಾಯಿತಿ ಇಲ್ಲ. ಅಂದು ನಮ್ಮ ಮನೆಯಲ್ಲಿ ಬೇರೆ ಲೋಟ ಇರಲಿಲ್ಲ, ನಿಜ. ಅದು ನನ್ನೊಳಗೇ ಇತ್ತು.

ನಿನ್ನೆ ಸಂಜೆ ಆ ಹಿರಿಯರಿಗೆ ಫೋನ್ ಮಾಡಿ ನಿಜ ಹೇಳಿ, ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗ ಅವತ್ತ ತಿಳಿದಿತ್ರಿ ಸರ್" ಎಂದರು. ಮತ್ತೇನೂ ಬೈಯಲಿಲ್ಲ. ಮದುವೆಯಾಗುವುದು ಬಿಡುವುದು ಮಗಳ ಇಷ್ಟ, ಅವಳನ್ನು ಈಗ ಕೇಳುತ್ತೇನೆ. ಮೊದಲೇ ಕೇಳಬೇಕಿತ್ತು.

ಬಂಧುಗಳೇ, ಇವತ್ತಿನ ಅಭ್ಯಾಸ ಇಷ್ಟೇ. ರಾತ್ರಿ ಮಲಗುವ ಮೊದಲು ದಿನದ ಒಂದು ಒಳ್ಳೆಯ ನಡತೆಯನ್ನು ನೆನೆದು, ಅದರ ಹಿಂದೆ ಯಾವ ಚೇತನ ಇತ್ತು ಎಂದು ಕೇಳಿಕೊಳ್ಳೋಣ. ಮೈತ್ರಿ ಇದ್ದರೆ ಬೆಳೆಸೋಣ. ಇಲ್ಲದಿದ್ದರೆ ಮುಚ್ಚಿಡದೆ ತಿದ್ದಿಕೊಳ್ಳೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.