ಬಕಧ್ಯಾನವೂ ತಾಳ್ಮೆಯೂ

ಗಾಳ ಹಾಕಿ ಕುಳಿತವನ ತಾಳ್ಮೆಯನ್ನು ಹೊಗಳುವ ರೂಢಿಯು ಪಾಶ್ಚಾತ್ಯರಲ್ಲಿ ಬಹಳ. ಐಜಾಕ್ ವಾಲ್ಟನ್ನನು ೧೬೫೩ರಲ್ಲಿ ಈ ಕಲೆಯನ್ನು ಕುರಿತು ಬರೆದ ಗ್ರಂಥವು ಅದನ್ನು ಚಿಂತನಶೀಲರ ವಿನೋದವೆಂದೇ ಕರೆಯುತ್ತದೆ. ನಮ್ಮ ಹಿರಿಯರಾದರೋ ಇದೇ ನಿಶ್ಚಲತೆಯನ್ನು ಕಂಡು ‘ಬಕಧ್ಯಾನ’ವೆಂಬ ಮಾತನ್ನು ಕಟ್ಟಿದರು. ಒಂಟಿಗಾಲಿನ ಮೇಲೆ ನಿಂತ ಪಕ್ಷಿಯದು ತಪಸ್ಸಲ್ಲ, ಹಸಿವು ಎಂಬುದು ಅವರ ಅಭಿಪ್ರಾಯ. ಈ ಎರಡರಲ್ಲಿ ಯಾವುದನ್ನು ಒಪ್ಪಬೇಕು?

ಗೋಕಾಕ ತಾಲೂಕಿನ ಧೂಪದಾಳದಲ್ಲಿ ಘಟಪ್ರಭೆಗೆ ಕಟ್ಟಿದ ಒಡ್ಡಿನ ಹಿನ್ನೀರು ೧೯೭೪ರಿಂದ ಪಕ್ಷಿಧಾಮವಾಗಿದೆ. ಅಲ್ಲಿ ಬಕವನ್ನು ನೋಡುತ್ತ ಕುಳಿತವರಿಗೆ ಒಂದು ಸಂಗತಿ ತಿಳಿದೀತು. ಅದು ಕೊಕ್ಕು ಚಾಚಿದಾಗಲೆಲ್ಲ ಮೀನು ಸಿಕ್ಕುವದಿಲ್ಲ. ತಪ್ಪಿದರೆ ಎರಡು ಹೆಜ್ಜೆ ಸರಿದು ಮತ್ತೆ ನಿಲ್ಲುವದು. ಮನುಷ್ಯನು ಹೀಗಲ್ಲ. ಎರಡು ತಾಸು ಗಾಳವು ಅಲುಗದಿದ್ದರೆ ಬಿಸಿಲನ್ನು ಬಯ್ಯುವನು, ಜೊತೆಗಾರನ ಮಾತನ್ನು ಬಯ್ಯುವನು, ಕೊನೆಗೆ ತನ್ನ ಹಣೆಬರಹವನ್ನು ಬಯ್ಯುವನು. ಇಷ್ಟು ಹೊತ್ತು ಕುಳಿತುದಕ್ಕೆ ಇಷ್ಟು ಮೀನು ಎಂದು ಮನಸ್ಸಿನಲ್ಲಿಯೇ ಒಂದು ಕರಾರುಪತ್ರವನ್ನು ಬರೆದುಕೊಂಡಿರುವನು. ಅದಕ್ಕೆ ನದಿಯ ರುಜು ಮಾತ್ರ ಬಿದ್ದಿರುವದಿಲ್ಲ. ಅವನು ತಾಳ್ಮೆಯೆಂದು ತಿಳಿದದ್ದು ಮುಂಗಡ ಕೊಟ್ಟ ಹಣವಷ್ಟೆ.

ಈ ಕರಾರು ಹುಸಿನೊಣದ ಗಾಳದಲ್ಲಿ ಮುರಿದಷ್ಟು ಬೇಗ ಬೇರೆಲ್ಲಿಯೂ ಮುರಿಯದು. ಮೆಸಿಡೋನಿಯದ ಬೆಸ್ತರು ಗಾಳಕ್ಕೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಗರಿಗಳನ್ನು ಕಟ್ಟಿ, ನೀರಿನ ಮೇಲೆ ಬಿಡುತ್ತಿದ್ದರೆಂದು ರೋಮನರ ಕಾಲದ ಏಲಿಯನ್ನನು ಬರೆದಿರುವನು. ನಮ್ಮ ಹಳ್ಳಿಯ ಹುಡುಗರ ಗಾಳದಲ್ಲಿ ಎರೆಹುಳವಾದರೂ ಇದೆ. ಇದರಲ್ಲಿ ತಿನ್ನತಕ್ಕ ವಸ್ತುವೇ ಇಲ್ಲ. ಮೀನಿನ ಕಣ್ಣನ್ನು ಮಾತ್ರ ನಂಬಿ ನಡೆಯುವ ಕೆಲಸ. ದಂಡೆಯ ಮೇಲೆ ನಿಂತವನ ನೆರಳು ಬಿದ್ದರೂ, ದಾರವು ಪ್ರವಾಹಕ್ಕೆ ಅಡ್ಡವಾಗಿ ಎಳೆದರೂ, ಆ ಹೊತ್ತಿಗೆ ಹಾರುವ ನೊಣ ಬೇರೆಯಾಗಿದ್ದರೂ ಕೆಟ್ಟಿತು. ಮಳೆಗಾಲದಲ್ಲಿ ಹೊಸ ನೀರು ಕದಡಿದಾಗಲಂತೂ ಈ ವಿದ್ಯೆಯೇ ಕುರುಡು. ಹೀಗೆ ಇಲ್ಲಿಯ ಒಂದೊಂದು ಸೋಲಿಗೂ ಒಂದೊಂದು ಕಾರಣವಿದೆ. ಕೋಪಗೊಂಡವನ ದೃಷ್ಟಿ ತನ್ನ ಮೇಲೆಯೇ ಇರುವದರಿಂದ ಅವನಿಗೆ ಆ ಕಾರಣ ಕಾಣದು. ದೃಷ್ಟಿಯನ್ನು ತನ್ನಿಂದ ತೆಗೆದು ನೀರಿನ ಮೇಲೆ ಇಡುವದೇ ತಾಳ್ಮೆ. ಬರಿದೆ ಕುಳಿತಿರುವದಾದರೆ ಸೋಮಾರಿಗಳೂ ಕುಳಿತಿರುವರು.

ಆದರೆ ಇಷ್ಟಕ್ಕೆ ವಾಲ್ಟನ್ನನ ಪಕ್ಷವು ಗೆದ್ದಿತೆಂದು ಹೇಳಲಾಗದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಭಾಗವೇ ಇದೆ, ಮೀನುಗಳ ಬಗೆ, ಅವುಗಳ ಆಹಾರ, ಗಾಳ ಮೊದಲಾದವುಗಳನ್ನು ಅರಸನು ಸೂಕ್ಷ್ಮವಾಗಿ ವಿವರಿಸಿರುವನು. ಅದೇ ಶತಮಾನದಲ್ಲಿ ಅಂಬಿಗರ ಚೌಡಯ್ಯನು ದೋಣಿಯನ್ನು ನಡಿಸಿ ಹೊಟ್ಟೆಹೊರೆದನು. ಗಾಳವು ಬರಿದಾಗಿ ಬಂದರೆ ಅರಸನ ಅಡಿಗೆಮನೆಯ ಹೊಗೆ ನಿಲ್ಲುವದಿಲ್ಲ. ದೋಣಿಗೆ ಜನ ಬಾರದ ದಿನ ಅಂಬಿಗನ ಮನೆಯ ಸ್ಥಿತಿ ಬೇರೆ.

ಇಂದಿಗೂ ಹಾಗೆಯೇ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ೫೧ ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯವಿದೆ. ಅದರ ಬಾಗಿಲು ತೆರೆದರೆ, ಮುಚ್ಚಿದರೆ, ಕೆಳಗಣ ಗೋಕಾಕ ಮೂಡಲಗಿಗಳ ಕಡೆಯ ಹೊಳೆಯ ಮಟ್ಟವೇ ಬದಲಾಗುವದು. ತಲೆಮಾರುಗಳಿಂದ ನೀರನ್ನು ಓದಲು ಕಲಿತ ಬಲೆಗಾರನಿಗೆ ಕಚೇರಿಯ ಆಜ್ಞೆಯನ್ನು ಮೊದಲೇ ಓದಲು ಬಾರದು. ೨೦೧೯ರ ಆಗಸ್ಟದಲ್ಲಿ ಘಟಪ್ರಭೆಯು ಗೋಕಾಕ ಪಟ್ಟಣದೊಳಗೇ ನುಗ್ಗಿತು. ಅಂಥ ದಿನಗಳಲ್ಲಿ ಬಲೆ ಬೀಸಲಾರದವನಿಗೆ ‘ಸೋಲೇ ಗುರು’ ಎಂದು ಬೋಧಿಸುವದು ಕ್ರೌರ್ಯವೆಂದು ನನ್ನ ಮತ. ಮನೆಯಲ್ಲಿ ಜೋಳದ ಚೀಲವಿದ್ದವನೇ ಬರಿಗೈಯನ್ನು ಪಾಠವೆಂದು ಕರೆಯಬಲ್ಲನು; ಅದೂ ತನ್ನ ಬರಿಗೈಯನ್ನು ಮಾತ್ರ.

ಇನ್ನು ಮೀನಿನ ಮಾತು. ಅದನ್ನು ಯಾರೂ ಕೇಳುವದಿಲ್ಲ. ಹಿಡಿದು ಮರಳಿ ನೀರಿಗೆ ಬಿಡುವ ಪದ್ಧತಿ ಈಗ ವಿನೋದಪ್ರಿಯರಲ್ಲಿ ಹಬ್ಬಿದೆ. ಕಾವೇರಿಯ ದೊಡ್ಡ ಮಹಶೀರ ಮೀನಿಗೆ ಶಾಸ್ತ್ರೀಯ ನಾಮವು ೨೦೧೮ರಲ್ಲಿ ನಿರ್ಧಾರವಾಗುವಲ್ಲಿ ಇಂಥವರ ದಾಖಲೆಗಳೂ ಉಪಯೋಗಕ್ಕೆ ಬಂದವು. ಆ ಜಾತಿ ಈಗ ಅಳಿವಿನ ಅಂಚಿನಲ್ಲಿದೆ. ಉಪಕಾರವು ನಿಜ, ಆದರೂ ಬಾಯಿಗೆ ಚುಚ್ಚಿದ ಮುಳ್ಳು ಆ ಉಪಕಾರವನ್ನು ಅರಿಯದು. ಕೆಲವರು ಗಾಳದ ತುದಿಯ ಹಿಮ್ಮುಖವಾದ ಮುಳ್ಳನ್ನು ಅರದಿಂದ ಉಜ್ಜಿ ತೆಗೆಯುವರು. ಇದರಿಂದ ಗಾಯವು ಕಿರಿದಾಗುವದು, ಮೀನು ತಪ್ಪಿಸಿಕೊಳ್ಳುವ ಸಂಭವವು ಹೆಚ್ಚುವದು. ಬರಿಗೈಯ ದಿನಗಳನ್ನು ತಾವಾಗಿಯೇ ಹೆಚ್ಚಿಸಿಕೊಂಡ ಈ ಜನರನ್ನು ಬಕಧ್ಯಾನಿಗಳೆಂದು ಕರೆಯಲು ನನಗೆ ಮನಸ್ಸಾಗದು. ಧೂಪದಾಳದ ಬಕವು ತನ್ನ ಕೊಕ್ಕನ್ನು ಮೊಂಡುಮಾಡಿಕೊಳ್ಳಲಾರದು; ಅದಕ್ಕೆ ಮರಿಗಳಿವೆ. ಹಿಡಕಲ್ಲಿನ ಬಲೆಗಾರನಿಗೂ ಮಕ್ಕಳಿರುವರು.